ಅರಬೈಲ್ ಘಾಟಿ ಹತ್ತಿದ ಲಾರಿ

ಯಂತ್ರಗಳ ವಿಷಯದಲ್ಲಿ ಯಾರಾದರೂ ಪವಾಡದ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದವನು. ಎಂಜಿನ್ನಿಗೆ ಎಣ್ಣೆ ಸರಿಯಾಗಿ ಸಿಕ್ಕರೆ ಓಡುತ್ತದೆ, ಸಿಗದಿದ್ದರೆ ನಿಲ್ಲುತ್ತದೆ. ಅದರಲ್ಲಿ ದೈವದ ಕೆಲಸವೇನು ಎನ್ನುತ್ತಿದ್ದೆ. ಈಗಲೂ ಹಾಗೆಯೇ ಹೇಳುತ್ತೇನೆ, ಒಂದು ಸಂಜೆಯನ್ನು ಬಿಟ್ಟು.

ಏಕೀಕರಣವಾದ ಹೊಸತು. ನಾನಾಗ ಅರಬೈಲಿನಲ್ಲಿ ಶಾಲಾ ಮಾಸ್ತರ. ಹೆರಿಗೆಗೆ ಬಂದಿದ್ದ ಅಕ್ಕನಿಗೆ ಬೆಳಗಿನಿಂದ ನೋವು. ಸಂಜೆ ಹೊತ್ತಿಗೆ, ಮಗು ಅಡ್ಡ ನಿಂತಿದೆ ಎಂದು ಸೂಲಗಿತ್ತಿ ಕೈಚೆಲ್ಲಿದಳು. ಘಾಟಿ ಹತ್ತಿ ಯಲ್ಲಾಪುರದ ಆಸ್ಪತ್ರೆಗೇ ಹೋಗಬೇಕು. ಅಂಕೋಲೆಯಿಂದ ಉಪ್ಪು ಹೇರಿಕೊಂಡು ಬರುತ್ತಿದ್ದ ಡೀಸೆಲ್ ಲಾರಿಗೆ ಕೈ ಅಡ್ಡ ಹಿಡಿದೆ. ಚಾಲಕ ಇಬ್ರಾಹಿಂ ಸಾಬರು ಪರಿಚಯದವರು. ಅಕ್ಕನನ್ನೂ ತಾಯಿಯನ್ನೂ ಮುಂದೆ ಕೂರಿಸಿಕೊಂಡರು. ನಾನು ಹಿಂದೆ ಹತ್ತಿದೆ.

ಕೆಲವು ತಿರುವು ಕಳೆಯುವಷ್ಟರಲ್ಲಿ ಎಂಜಿನ್ ಕಟಕಟ ಬಡಿಯತೊಡಗಿತು. ಕಪ್ಪು ಹೊಗೆ ಬಂತು. ಗಾಡಿ ಮೈಯೆಲ್ಲ ನಡುಗಿಸುತ್ತ ಅಲ್ಲೇ ನಿಂತುಬಿಟ್ಟಿತು. ಸಾಬರು ಬಾನೆಟ್ ತೆಗೆದು, ಎಣ್ಣೆ ಕೊಳವೆಗಳ ನಟ್ಟು ಒಂದೊಂದಾಗಿ ಸಡಿಲಿಸಿ, ಓಡುತ್ತಿದ್ದ ಎಂಜಿನ್ನಿನ ಸದ್ದು ಕೇಳಿದರು.

"ಎರಡು ನೋಝಲ್ ಕೆಟ್ಟದೆ ಮಾಸ್ತರ್ರೇ. ಎಣ್ಣೆ ಸಿಂಪಡಿಸೂದು ಬಿಟ್ಟು ಹನಿ ಬೀಳ್ತಿರಬೇಕು. ಸರಿ ಸುಡೂದಿಲ್ಲ, ಹೊಗೆ ಆಗಿ ಹೋಗ್ತದೆ. ಗಾಡಿಗೆ ಜೋರೇ ಇಲ್ಲ."

ಉಪ್ಪಿನ ಮೂಟೆಗಳನ್ನೆಲ್ಲ ರಸ್ತೆ ಬದಿಗೆ ಇಳಿಸಿದೆವು. ಆದರೂ ಏರಲಿಲ್ಲ. ಬೇರೆ ವಾಹನದ ಸುಳಿವಿಲ್ಲ. ಅಕ್ಕ ಕಿಟಕಿಯಿಂದ, "ತಮಾ, ನೀ ಹೆದ್ರಡ" ಎಂದು ನನಗೇ ಧೈರ್ಯ ಹೇಳಿದಳು. ಅವಳ ತುಟಿ ಬಿಳುಚಿತ್ತು.

ಸಾಬರು ಇನ್ನೊಮ್ಮೆ ಗೇರು ಹಾಕಿದರು. ಸದ್ದು ಬದಲಾಯಿತು. ಬಡಿತವಿಲ್ಲ, ಹೊಗೆಯಿಲ್ಲ, ಒಂದೇ ಸಮನಾದ ನಾದ. ಲಾರಿ ಘಾಟಿ ಏರತೊಡಗಿತು. ಈಗ ಕೆಡುತ್ತದೆ, ಈಗ ಕೆಡುತ್ತದೆ ಎಂದು ನಾನು ಹಿಂದೆ ಹಗ್ಗ ಹಿಡಿದು ಕಾಯುತ್ತಲೇ ಇದ್ದೆ. ಕೆಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅಕ್ಕನನ್ನು ಇಳಿಸಿಕೊಂಡ ಕೂಡಲೇ ಎಂಜಿನ್ ಮತ್ತೆ ಬಡಿದು, ಹೊಗೆಯುಗುಳಿ ಆರಿತು.

ಹೆಣ್ಣು ಮಗು ಹುಟ್ಟಿತು. ಅಕ್ಕ, ಮಗು ಇಬ್ಬರೂ ಉಳಿದರು. ಡಾಕ್ಟರು ಹೊರಬಂದು ಹೇಳಿದಾಗ ನಾನು ಸಾಬರ ಹೆಗಲಿಗೊರಗಿ ಅತ್ತುಬಿಟ್ಟೆ. ಆಮೇಲೆ ಹೊಟ್ಟೆ ತುಂಬ ಅವಲಕ್ಕಿ ತಿಂದೆ.

ಮರುದಿನ ಹುಬ್ಬಳ್ಳಿ ಕಡೆಯ ಮೆಕ್ಯಾನಿಕ್ ನೋಝಲ್‌ಗಳನ್ನು ಬಿಚ್ಚಿದ. ಎಣ್ಣೆ ಬಿಡುವ ಒಳಗಿನ ಸೂಜಿ ಎರಡರಲ್ಲೂ ಸಿಕ್ಕಿಕೊಂಡು, ತುದಿಗೆ ಮಸಿ ಗಟ್ಟಿಯಾಗಿ ಕೂತಿತ್ತು. ಕಾವಿಗೆ ಸ್ವಲ್ಪ ಹೊತ್ತು ಸಡಿಲವಾಗಿರಬೇಕು ಎಂದೆ.

"ಕಾವಿಗೇ ಅಲ್ಲೇನ್ರಿ ಇವು ಸಿಗಬೀಳೂದು?" ಎಂದ. "ಖರೇ ಹೇಳ್ರಿ, ಗಾಡಿ ಯಾರು ಎಳಕೊಂಡು ಬಂದ್ರು?"

"ಯಾರೂ ಇಲ್ಲ" ಎಂದೆ. ಇಂದು ನೀವು ಕೇಳಿದರೂ ನನ್ನಲ್ಲಿರುವುದು ಅಷ್ಟೇ ಉತ್ತರ.