ಕಾಯಿಸಬಾರದ ಸಾಲು

ಅವರ ಪಕ್ಕದ ಕುರ್ಚಿ ನನ್ನದಾಗಿತ್ತು ಎಂದು ಇಂದಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇನೆ. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಯಂತ್ರಗಳ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದ್ದ ಮೇಡಂ ಅವರು. ಸಣ್ಣಪುಟ್ಟ ದೂರುಗಳನ್ನೆಲ್ಲ ಸಂಜೆಯ ಟೀವರೆಗೆ ಹೊಟ್ಟೆಯಲ್ಲಿಟ್ಟುಕೊಂಡು ಒಂದೇ ಸಲ ಹೇಳಿ ಮುಗಿಸುವರು. ನಿಜವಾಗಿ ಏನಾದರೂ ಕೆಟ್ಟರೆ ಮಾತ್ರ, ಕುಡಿಯುತ್ತಿದ್ದ ಟೀ ಬಿಟ್ಟು ನೇರ ಮಾಲೀಕರ ರೂಮಿಗೆ ನಡೆದುಬಿಡುವರು.

ಅವರು ಬರೆದ ಪ್ರೋಗ್ರಾಮಿನ ಗುಣವೂ ಅದೇ. ಯಂತ್ರ ತನ್ನ ಸ್ಥಿತಿ ತಿಳಿಸಿ ಕಳಿಸುವ ಒಂದೊಂದು ಸಾಲನ್ನೂ ಬಂದಹಾಗೇ ಫೈಲಿಗೆ ಬರೆದರೆ ಕಂಪ್ಯೂಟರ್ ತೆವಳುತ್ತದೆಂದು, ಸಾಲುಗಳನ್ನು ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಬರೆಸುತ್ತಿದ್ದರು. ದೋಷ ತಿಳಿಸುವ ಸಾಲು ಮಾತ್ರ ಸರದಿಯಲ್ಲಿ ನಿಲ್ಲದೆ ತಕ್ಷಣ ಫೈಲು ಸೇರುತ್ತಿತ್ತು. ಯಾಕೆಂದು ಕೇಳಿದರೆ ಎರಡು ಬೆರಳಲ್ಲಿ ಮೇಜು ತಟ್ಟಿ, "ಕೆಟ್ಟ ಸುದ್ದೀನ ಕಾಯಿಸ್ಬಾರ್ದು ಕಣೋ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಆಪರೇಟರ್ ದೊಡ್ಡ ಯಂತ್ರವನ್ನು ಏಕಾಏಕಿ ನಿಲ್ಲಿಸಿದ. ಬೆನ್ನಲ್ಲೇ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟು ಕಂಪ್ಯೂಟರ್ ಆರಿತು.

"ಹೀಟ್ ಜಾಸ್ತಿಯಾಯ್ತು ಸಾರ್, ಅದುಕ್ಕೇ ನಿಲ್ಲಿಸ್ದೆ" ಎಂದ, ಓಡಿಬಂದ ಮಾಲೀಕರಿಗೆ.

"ಸುಮ್ಸುಮ್ನೆ ಆಫ್ ಮಾಡ್ಬುಟ್ಟು ಕತೆ ಹೇಳ್ತೀಯೇನ್ಲಾ? ನಾಳೆಯಿಂದ ಬರ್ಬೇಡ" ಎಂದರು ಮಾಲೀಕರು.

ಕರೆಂಟ್ ಬಂದೊಡನೆ ಮೇಡಂ ಫೈಲ್ ತೆರೆದು ಪರದೆಯನ್ನು ಮಾಲೀಕರ ಕಡೆ ತಿರುಗಿಸಿದರು. ಯಂತ್ರದ ಬಿಸಿ ಮಿತಿ ಮೀರಿದೆ ಎಂದು ಕೊನೆಯ ಸಾಲು ಹೇಳುತ್ತಿತ್ತು.

ಮಾಲೀಕರು ಆಪರೇಟರನ ಭುಜ ಮುಟ್ಟಿ, "ನಾಳೆ ಟೈಮಿಗೆ ಸರ್ಯಾಗಿ ಬಾ" ಎಂದರು. ಆಮೇಲೆ ಪರದೆಯತ್ತ ಬಗ್ಗಿ, "ಅದ್ಕೂ ಸ್ವಲ್ಪ ಮುಂಚಿನ ಸಾಲುಗಳೇ ಇಲ್ವಲ್ಲಮ್ಮ?" ಎಂದು ಕೇಳಿದರು.

"ಮೆಮೊರೀಲಿದ್ವು, ಕರೆಂಟ್ ಜೊತೆ ಹೋದ್ವು" ಎಂದು ಮೇಡಂ ಎರಡು ಬೆರಳಲ್ಲಿ ಮೇಜು ತಟ್ಟಿದರು. "ಹೋಗ್ಲಿ ಬಿಡಿ ಸಾರ್. ಅವೆಲ್ಲ ಒಳ್ಳೇ ಸುದ್ದಿಗಳೇ."