ದಪ್ಪ ಟೈರಿನ ಗಾಡಿಯಲ್ಲಿ ಹೆಣ್ಣು ನೋಡಲು ಹೋದದ್ದು

ನನ್ನ ಅಕ್ಕ ಸುಗುಣಳ ಮಗ ಸುಧೀರ್ ಒಳ್ಳೆಯ ಹುಡುಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಕೇಳಿದ ಮೇಲೆ ನೀವು ನಂಬಲಿಕ್ಕಿಲ್ಲ. ಕೋಡಿಯಿಂದ ಹಾಲಾಡಿಗೆ ದಿನಾ ಮೀನು ಸಾಗಿಸುವ ಪಿಕಪ್ ಅವನದು. ಹಿಂದೆ ಬಂಗುಡೆ, ಮುಂದಿನ ಸೀಟಿನಲ್ಲಿ ಅಮ್ಮ. ಅಕ್ಕ ಹಾಲಾಡಿ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿಗಳ ಜೊತೆ ಅದೇ ಗಾಡಿಯಲ್ಲಿ ವಾಪಸಾಗುತ್ತಾಳೆ. ಹುಡುಗನಿಗೆ ಕುಡಿತವಿಲ್ಲ, ಜಗಳವಿಲ್ಲ. ಮದುವೆಯೂ ಇಲ್ಲ, ಅದೇ ತಾಪತ್ರಯ.

ಹೆಣ್ಣಿನ ಕಡೆಯವರೆಲ್ಲ ಚಾ ಕುಡಿಸಿ, ತಿಳಿಸುತ್ತೇವೆ ಎಂದು ಕಳಿಸಿದರು. ಯಾರೂ ತಿಳಿಸಲಿಲ್ಲ. ಬೈಂದೂರಿನ ಒಂದು ಮನೆಯಲ್ಲಂತೂ ಹುಡುಗಿಯ ತಂಗಿ ಅಂಗಳದಲ್ಲಿ ನಿಂತ ಪಿಕಪ್ ನೋಡಿ, ಮೂತಿ ತಗ್ಗಿಸಿ ಹುಲ್ಲು ಮೇಯುವ ಎಮ್ಮೆಯ ಹಾಗಿದೆ ಎಂದು ನಕ್ಕಳಂತೆ. ಬೇರೆ ಯಾರಾದರೂ ಆಗಿದ್ದರೆ ಹೊಟ್ಟೆ ಕರಗಿಸುತ್ತಿದ್ದರು, ತಲೆಗೆ ಬಣ್ಣ ಹಚ್ಚುತ್ತಿದ್ದರು. ನನ್ನ ಅಳಿಯ ಗಾಡಿಯ ಮೂತಿ ಎತ್ತಲು ಹೊರಟ.

ತಲ್ಲೂರಿನ ನಿತೇಶ್ ತನ್ನ ಗ್ಯಾರೇಜಿನಲ್ಲಿ ಮುಂದಿನ ಸ್ಪ್ರಿಂಗುಗಳಿಗೆ ಕಬ್ಬಿಣದ ಬಿಲ್ಲೆ ಕೊಟ್ಟು, ಮುಂಭಾಗವನ್ನು ಹಿಂಭಾಗದ ಮಟ್ಟಕ್ಕೆ ತಂದ. ಲೆವೆಲ್ ಮಾಡುವುದು ಅಂದರೆ ಇದೇ ಅಂತೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಇಲ್ಲ, ಅಗಲದ ವೀಲು ಬೇಕು, ಅದರ ಮೇಲೆ ಜೆಸಿಬಿಯಿಂದ ಕಿತ್ತು ತಂದಂತಹ ದಪ್ಪ ಟೈರು ಬೇಕು. ಹಾಕಿ ನೋಡಿದರೆ ಸ್ಟಿಯರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ. ನಿತೇಶ್ ಬಲಗಡೆಯ ಮಡ್‌ಗಾರ್ಡ್ ಕತ್ತರಿಸಿ ಜಾಗ ಮಾಡಿದ. ಎಡಗಡೆಗೆ ಕೈ ಹಾಕುವಾಗ ಕರೆಂಟ್ ಹೋಯಿತು.

"ಉಳ್ದದ್ದ್ ನಾಳೆ ಮಾಡುವ ಮಾರಾಯ," ಎಂದ ನಿತೇಶ್.

ಆ ನಾಳೆ ಬರಲೇ ಇಲ್ಲ. ಊರಿಗೆಲ್ಲ ಗಾಡಿ ತೋರಿಸುವುದರಲ್ಲೇ ವಾರ ಕಳೆಯಿತು. ಎಡಕ್ಕೆ ಪೂರ್ತಿ ತಿರುಗಿಸಿದರೆ ಕರಕರ ಸದ್ದು ಬಂದು ಚಕ್ರ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಅದಕ್ಕೆ ಇವನು ಕಂಡುಕೊಂಡ ಉಪಾಯವೆಂದರೆ ಎಡಕ್ಕೆ ತಿರುಗದೇ ಇರುವುದು. ಹಾಲಾಡಿಯ ಸರ್ಕಲ್‌ನಲ್ಲಿ ಎಡಕ್ಕೆ ಹೋಗಬೇಕಾದವನು ಪೇಟೆಯನ್ನೆಲ್ಲ ಸುತ್ತಿ ಬಲದಿಂದ ಬರುತ್ತಿದ್ದ. ತಲೆ ಇದ್ದವರು ಮಾಡುವ ಕೆಲಸವೇ ಇದು?

ಅಷ್ಟರಲ್ಲಿ ಸಾಸ್ತಾನದಿಂದ ನವ್ಯಶ್ರೀ ಎಂಬ ಹುಡುಗಿಯ ಜಾತಕ ಕೂಡಿಬಂತು. ಬ್ರಹ್ಮಾವರದ ಬಟ್ಟೆ ಅಂಗಡಿಯಲ್ಲಿ ಕೆಲಸ. ಸುಧೀರನಿಗೆ ಫೋಟೋದಲ್ಲೇ ಹಿಡಿಸಿಬಿಟ್ಟಳು. "ಮಾವ, ಇದೊಂದ್ ಆಯ್ಕ್," ಇದಾದರೂ ಆಗಲೇಬೇಕು ಎಂದು ನನ್ನ ಕೈ ಹಿಡಿದುಕೊಂಡ. ಅವನು ಹಾಗೆಲ್ಲ ಕೈ ಹಿಡಿಯುವವನಲ್ಲ.

ನಮ್ಮಲ್ಲಿ ಸೋದರಮಾವನಿಲ್ಲದೆ ಹೆಣ್ಣು ನೋಡುವ ಶಾಸ್ತ್ರ ನಡೆಯುವುದಿಲ್ಲ. ಅಂಥ ಸೋದರಮಾವ ಆದಿತ್ಯವಾರ ಬೆಳಿಗ್ಗೆ ಬಿಳಿ ಪಂಚೆ ಉಟ್ಟು, ಹಣ್ಣಿನ ಚೀಲ ಹಿಡಿದು, ಪಿಕಪ್ಪಿನ ಹಿಂದೆ ಮೀನಿನ ಜಾಗದಲ್ಲಿ ನಿಂತ. ಮುಂದೆ ಅಕ್ಕ ರೇಷ್ಮೆ ಸೀರೆಯಲ್ಲಿ ಗತ್ತಾಗಿ ಕೂತಿದ್ದಳು.

ಸಾಸ್ತಾನ ಬಂತು. ಹುಡುಗಿಯ ಮನೆ ಹೆದ್ದಾರಿಯಿಂದ ಎಡಕ್ಕೆ ಇಳಿಯುವ ಸಣ್ಣ ಓಣಿಯ ಬಾಯಲ್ಲೇ. ಜಗಲಿಯಲ್ಲಿ ಜನ ನಿಂತು ನಮ್ಮನ್ನೇ ಕಾಯುತ್ತಿದ್ದರು. ಗಾಡಿ ನಿಲ್ಲದೆ ಮುಂದೆ ಹೋಯಿತು.

ನಾನು ಕ್ಯಾಬಿನ್ ಬಡಿದೆ. "ಹ್ವಾಯ್, ಮನಿ ಹಿಂದ್ ಉಳೀತ್!"

"ಎಡಕ್ ತಿರ್ಗುದಿಲ್ಲೆ ಮಾವ!"

ಮುಂದೆ ಹೋಗಿ ಬಲಕ್ಕೆ ತಿರುಗಿಸಿ ಹೆದ್ದಾರಿಯ ಆಚೆ ಬದಿಯಲ್ಲಿ ಬಂದೆವು. ಮನೆಯ ಎದುರು ಡಿವೈಡರಿಗೆ ಬಾಯಿಯೇ ಇಲ್ಲ. ಮತ್ತೆ ದಾಟಿ ಹೋದೆವು. ಮರಳಿ ಬರುವಾಗ ಎಡಕ್ಕೆ ತಿರುಗಿಸಿ ನೋಡಿದ, ಕರಕರ ಎಂದಿತು, ಮತ್ತೆ ಮುಂದೆ. ಹೀಗೆ ಹಾದುಹೋಗುವಾಗಲೆಲ್ಲ ಜಗಲಿಯವರಿಗೆ ನಾನು ಹಿಂದಿನಿಂದ ಕೈಮುಗಿಯುತ್ತಿದ್ದೆ. ಮತ್ತೇನು ಮಾಡಲಿ? ಕೊನೆಗೆ ಆಚೆ ಬದಿಯಿಂದ, ಡಿವೈಡರಿಗೆ ಬಾಯಿ ಇದ್ದಲ್ಲಿ ಬಲಕ್ಕೆ ದಾಟಿ, ದೂರದ ಇನ್ನೊಂದು ಓಣಿ ಹಿಡಿದು, ತೋಟ ಸುತ್ತಿ, ಬಲಗಡೆಯಿಂದ ಅಂಗಳ ಸೇರಿದೆವು.

ಹುಡುಗಿಯ ತಂದೆ ಚಂದಯ್ಯ ಎದುರು ಬಂದರು. "ಗಂಡಿಗ್ ಮನ್ಸಿಲ್ಲೆ ಅಂದ್ಕಂಡೆ ಮಾರಾಯ್ರೆ! ಬನಿ, ಇಳಿನಿ ಸುಗುಣಕ್ಕ."

ಅಕ್ಕ ಬಾಗಿಲು ತೆರೆದು ನೆಲ ನೋಡಿದಳು. ಅವಳ ಮೊಣಗಂಟು ಸವೆದು ಯಾವುದೋ ಕಾಲವಾಯಿತು. ಟೈರು ದಪ್ಪವಾಗಿ ಗಾಡಿ ಎತ್ತರವಾದ ಮೇಲೆ ಕೋಡಿಯಲ್ಲಿ ಸುಧೀರನೇ ಅವಳನ್ನು ತೋಳಲ್ಲಿ ಎತ್ತಿ ಕೂರಿಸುತ್ತಾನೆ, ಹಾಲಾಡಿಯಲ್ಲಿ ಎತ್ತಿ ಇಳಿಸುತ್ತಾನೆ. ಇಲ್ಲಿಯೂ ಕೈ ಚಾಚಿಕೊಂಡು ಬಂದ.

"ಮುಟ್ಟಿರೆ ಕಾಣ್!" ಎಂದು ಅಕ್ಕ ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಇವ್ರೆದ್ರ್ ನನ್ನ ಮರ್ಯಾದಿ ತೆಗಿಬೇಡ. ನಾನ್ ಇಲ್ಲೇ ಕೂಕಂತೆ."

ಚಂದಯ್ಯ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟರು. ಗಟ್ಟಿ ಇದೆ ಎಂದು ತೋರಿಸಲು ತಾವೇ ಹತ್ತಿ ನಿಂತರು. ಕುರ್ಚಿಯ ಕಾಲುಗಳು ನಾಲ್ಕು ದಿಕ್ಕಿಗೆ ಹೋದವು, ಚಂದಯ್ಯ ಅಂಗಳದಲ್ಲಿ ಕೂತರು. ಅಕ್ಕ ಬಾಗಿಲು ಹಾಕಿಕೊಂಡಳು.

ಆಗ ಚಾ ತಟ್ಟೆ ಹಿಡಿದು ನವ್ಯಶ್ರೀ ಹೊರಬಂದಳು. ಸುತ್ತ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಡ್ರೈವರ್ ಬದಿಯ ಬಾಗಿಲು ತೆರೆದು ತಟ್ಟೆಯನ್ನು ಸೀಟಿನ ಮೇಲಿಟ್ಟು, ಹತ್ತಿ ಅಕ್ಕನ ಪಕ್ಕದಲ್ಲಿ ಕೂತುಬಿಟ್ಟಳು. ಗಾಜು ಮುಚ್ಚಿತ್ತು. ಒಳಗೆ ಅಕ್ಕ ಕೈ ಬೀಸಿ ಏನೋ ಹೇಳುವುದು ಕಾಣುತ್ತಿತ್ತು, ಹುಡುಗಿ ನಗುವುದು ಕಾಣುತ್ತಿತ್ತು. ಸುಧೀರ್ ಕೆಳಗೆ ಬೆವರುತ್ತಿದ್ದ.

"ಮಾವ, ಇದೂ ಹೋಯ್ತ್," ಎಂದ. ನನಗೂ ಹಾಗೇ ಅನ್ನಿಸಿತು. ಚೀಲದಿಂದ ಒಂದು ಬಾಳೆಹಣ್ಣು ಕೊಟ್ಟೆ. ತಿಂದ.

ಚಾ ಆರಿದ ಮೇಲೆ ನವ್ಯಶ್ರೀ ಇಳಿದು ಬಂದು ಸುಧೀರನ ಎದುರು ನಿಂತಳು.

"ಅಮ್ಮನ್ನ ದಿನಾ ನೀವೇ ಎತ್ತಿ ಇಳ್ಸುದಂಬ್ರಲ್ಲ. ಇಳ್ಸಿ ಕಾಂಬ."

ಸುಧೀರ್ ಹೋಗಿ ಅಮ್ಮನನ್ನು ಎತ್ತಿಕೊಂಡ. "ಮೆಲ್ಲ! ಸೀರಿ, ಸೀರಿ!" ಎಂದು ಅಕ್ಕ ಅವನ ಬೆನ್ನಿಗೆ ಗುದ್ದುತ್ತಿದ್ದಳು. ಅವನು ಒಂದು ಕೈಯಲ್ಲಿ ಅವಳ ನೆರಿಗೆ ಸರಿಮಾಡಿದ. ನವ್ಯಶ್ರೀ ಈ ಸಲ ನಗಲಿಲ್ಲ. ಸ್ವಲ್ಪ ಹೊತ್ತು ನೋಡಿ ತಂದೆಯ ಕಡೆ ತಿರುಗಿದಳು.

"ಅಪ್ಪಯ್ಯ, ನಂಗ್ ಅಡ್ಡಿಲ್ಲೆ."

ನನ್ನ ಕಣ್ಣು ತುಂಬಿತು. ನಾಚಿಕೆಯೇನಿಲ್ಲ, ಹೇಳುತ್ತೇನೆ.

"ಆಯ್ತಲ್ಲ, ಇನ್ನ್ ಇಳ್ಸಾ ನನ್ನ!" ಎಂದು ಅಕ್ಕ ಕೂಗಿದಳು. ಸುಧೀರನಿಗೆ ಅದು ಕೇಳಿಸಲಿಲ್ಲ. ಅಮ್ಮನನ್ನು ಎತ್ತಿಕೊಂಡೇ ನವ್ಯಶ್ರೀಯ ಹಿಂದೆ ಜಗಲಿ ಹತ್ತಿದ.