ಭಾವನ ಪೆಟ್ಟಿಗೆ, ನನ್ನ ಪೆಟ್ಟಿಗೆ

ಭಾವ ತೀರಿಕೊಂಡು ತಿಂಗಳಾಯಿತು. ಮೊನ್ನೆ ಇಗರ್ಜಿಯಲ್ಲಿ ತಿಂಗಳ ಪೂಜೆಯೂ ಮುಗಿಯಿತು. ಬಂದವರೆಲ್ಲ ಅವರ ಒಳ್ಳೆಯತನದ ಮಾತನ್ನೇ ಆಡಿದರು. ನಾನೂ ತಲೆಯಾಡಿಸಿದೆ. ಬಹರೈನಿನಲ್ಲಿ ಜೊತೆಗಿದ್ದಾಗ ನಾನು ಅವರ ಮೇಲೆ ಪಟ್ಟ ಹೊಟ್ಟೆಕಿಚ್ಚು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನನಗೆ ವೀಸಾ ಮಾಡಿಸಿ ಕರೆಸಿಕೊಂಡವರು ಅವರೇ. ಎಂಬತ್ತರ ದಶಕದ ನಡುವಿನ ವರ್ಷಗಳು ಅವು. ಇಬ್ಬರೂ ಡ್ರೈವರುಗಳು, ಒಂದೇ ರೂಮಿನಲ್ಲಿ ವಾಸ. ನನ್ನದು ಮೀನಾ ಸಲ್ಮಾನ್ ಬಂದರಿನ ಗೋದಾಮಿನಿಂದ ಅಸ್ಕರಿನ ಕಾರ್ಮಿಕರ ಮೆಸ್ಸಿಗೆ ಅಕ್ಕಿ, ಈರುಳ್ಳಿ, ಕೋಳಿ ಒಯ್ಯುವ ಪಿಕಪ್. ಅವರದು ಗುತ್ತಿಗೆ ಕಂಪನಿಯೊಂದರ ಸಾಹೇಬರ ಉದ್ದನೆಯ ಅಮೆರಿಕನ್ ಕಾರು. ನಾನು ಒದ್ದೆ ಟವೆಲನ್ನು ಕುತ್ತಿಗೆಗೆ ಸುತ್ತಿಕೊಂಡು ಓಡಿಸುತ್ತಿದ್ದೆ. ಅವರು ಏಸಿ ಜಾಸ್ತಿಯಾಗಿ ಶೀತ ಮಾಡಿಕೊಳ್ಳುತ್ತಿದ್ದರು.

ಬೆಳಿಗ್ಗೆ ಅವರು ಸಾಹೇಬರನ್ನು ಅಸ್ಕರಿನ ಕಾರ್ಖಾನೆಯಲ್ಲಿ ಇಳಿಸಿ, ಸಾಹೇಬರ ಮಕ್ಕಳನ್ನು ಶಾಲೆಗೆ ಬಿಡಲು ಅದ್ಲಿಯಾದ ಬಂಗಲೆಗೆ ಖಾಲಿ ಕಾರಿನಲ್ಲಿ ಓಡಿಬರುತ್ತಿದ್ದರು. ಅದೇ ಹೊತ್ತಿಗೆ ನಾನು ಸಾಮಾನು ತುಂಬಿಕೊಂಡು ಅಸ್ಕರಿನ ಕಡೆ ಹೋಗುತ್ತಿದ್ದೆ. ದಾರಿಯಲ್ಲಿ ಎದುರಾದಾಗ ನಾನು ಹೆಡ್‌ಲೈಟು ಒಂದು ಸಲ ಹಾಕಿದರೆ ರಸ್ತೆ ಸರಿ ಇದೆ ಎಂದರ್ಥ. ಎರಡು ಸಲ ಹಾಕಿದರೆ ಮುಂದೆ ಶುರ್ತಾ, ಅಂದರೆ ಪೊಲೀಸರು, ರೇಡಾರ್ ಇಟ್ಟುಕೊಂಡು ನಿಂತಿದ್ದಾರೆ ಎಂದು. ಅದು ನಮ್ಮಿಬ್ಬರ ಒಪ್ಪಂದ. ಭಾವನಿಗೆ ನನ್ನಿಂದ ಆಗುತ್ತಿದ್ದ ಉಪಕಾರ ಅದೊಂದೇ.

ಒಂದು ಸಲ ಸಾಹೇಬರು ಅಮೆರಿಕದಿಂದ ಬರುವಾಗ ಭಾವನಿಗೆ ಒಂದು ಪೆಟ್ಟಿಗೆ ತಂದುಕೊಟ್ಟರು. ಪೊಲೀಸರ ರೇಡಾರನ್ನು ಮೊದಲೇ ಹಿಡಿದು ಹೇಳುವ ಯಂತ್ರ. ಅಂಗೈಯಗಲ, ಕಪ್ಪು ಬಣ್ಣ, ಕನ್ನಡಿಯ ಪಕ್ಕ ಸಿಕ್ಕಿಸಲು ಕ್ಲಿಪ್ಪು. ದೂರದ ರೇಡಾರಿಗೆ ಒಂದು ದೀಪ, ಹತ್ತಿರವಾದಂತೆ ಸಾಲಾಗಿ ಐದು. ಎರಡು ಬಗೆಯ ರೇಡಾರಿಗೆ ಎರಡು ಬಗೆಯ ಸದ್ದು. ಪೇಟೆಗೆ ಬೇರೆ, ಹೆದ್ದಾರಿಗೆ ಬೇರೆ ಎಂದು ಒಂದು ಸ್ವಿಚ್ಚು. ಭಾವ ಅದನ್ನು ಪ್ರತಿ ದಿನ ಬನಿಯನ್ ಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಮೀನಾ ಸಲ್ಮಾನಿನ ಒಂದು ಗ್ಯಾರೇಜಿನಲ್ಲಿ ಹಳೆಯದೊಂದು ಸಿಕ್ಕಿತು. ಇಟ್ಟಿಗೆಯಷ್ಟು ದಪ್ಪದ ತಗಡಿನ ಪೆಟ್ಟಿಗೆ. ಒಂದೇ ಕೆಂಪು ದೀಪ, ಒಂದೇ ಸದ್ದು. ಕ್ಲಿಪ್ಪು ಇರಲಿಲ್ಲ, ತಿರುವಿನಲ್ಲಿ ಜಾರಿ ಕಾಲಬುಡಕ್ಕೆ ಬೀಳುತ್ತಿತ್ತು.

ರಜೆಯ ದಿನ ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ ಎರಡನ್ನೂ ಪರೀಕ್ಷಿಸಲು ನನ್ನ ಪಿಕಪ್ಪಿನಲ್ಲಿ ಹೊರಟೆವು. ಸಿಗರೇಟ್ ಲೈಟರಿನ ತೂತು ಇರುವುದು ಒಂದೇ. ಮೊದಲು ಅವರದನ್ನು ಸಿಕ್ಕಿಸಿ ಹೋದೆವು. ಮುಹರ್ರಕ್ಕಿನ ಸೇತುವೆ ರಸ್ತೆಯಲ್ಲಿ ಪೊಲೀಸರು ಕಣ್ಣಿಗೆ ಬೀಳುವುದಕ್ಕೆ ಎಷ್ಟೋ ಮುಂಚೆ ಅದು ಮೆಲ್ಲಗೆ ಸದ್ದು ಮಾಡಿತು. ಸುತ್ತಿ ಬಂದು ಅದೇ ದಾರಿಯಲ್ಲಿ ನನ್ನದನ್ನು ಸಿಕ್ಕಿಸಿದೆವು. ಪೊಲೀಸನ ಮೀಸೆ ಕಾಣುವಷ್ಟು ಹತ್ತಿರ ಹೋದ ಮೇಲೆ ಕಿರುಚಿತು.

"ಎಂತ ಮಾರಾಯ, ಇದು ಕೂಗುವ ಮೊದಲು ಶುರ್ತಾನೇ ಕೈ ತೋರಿಸಿದ," ಎಂದು ಭಾವ ನಕ್ಕರು.

ಅದ್ಲಿಯಾದಲ್ಲಿ ದೊಡ್ಡ ಹೋಟೆಲೊಂದರ ಗಾಜಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು, ಅದರೊಳಗೂ ಒಂದು ಸಣ್ಣ ರೇಡಾರ್ ಇರುತ್ತದಂತೆ. ಅದರ ಎದುರು ಹಾದಾಗ ನನ್ನ ಪೆಟ್ಟಿಗೆ ಬೊಬ್ಬೆ ಹಾಕಿತು. ಅವರದನ್ನು ಸಿಕ್ಕಿಸಿ ಮತ್ತೆ ಹಾದರೆ ಅದು ಪೇಟೆಯ ಸ್ವಿಚ್ಚಿನಲ್ಲಿ ಸುಮ್ಮನಿತ್ತು.

"ಹೊಸ ಗಾಡಿಯಲ್ಲಿಟ್ಟರೆ ಸರಿಯಾಗ್ತದೆ ಭಾವ," ಎಂದೆ.

"ಗಾಡಿಗೆ ಎಂತ ಮಾಡ್ತದೆ? ಇದು ಹೋಟೆಲ್ ಬಾಗಿಲು ಕಾಯುವ ನಾಯಿ. ಒಂದು ತುಂಡು ಮೀನು ಹಾಕು, ಸುಮ್ಮನಾಗ್ತದೆ."

ಮಧ್ಯಾಹ್ನ ಊಟಕ್ಕೆ ಕೂತಾಗ ರೂಮಿನವರ ಮುಂದೆಯೂ ಅದನ್ನೇ ಹೇಳಿದರು. ಎಲ್ಲರೂ ನಕ್ಕರು. ಆಮೇಲೆ ನನ್ನ ಬೆನ್ನು ತಟ್ಟಿ, "ಇನ್ನು ನೀನು ಲೈಟ್ ಹಾಕುವ ಕಷ್ಟ ಬೇಡ. ನನ್ನ ಪೆಟ್ಟಿಗೆ ಉಂಟಲ್ಲ," ಎಂದರು. ತಮಾಷೆಗೆ ಹೇಳಿದ್ದು. ನಾನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ.

ಅದೇ ವಾರ ಇನ್ನೊಂದು ಸುದ್ದಿ ಬಂತು. ಅಕ್ಕನಿಗೆ ಫ್ಯಾಮಿಲಿ ವೀಸಾ ಮಾಡಿಸಲು ಸಾಹೇಬರು ಒಪ್ಪಿದ್ದರು. ಬಂಗಲೆಯ ಹಿಂದಿನ ಎರಡು ಕೋಣೆಯನ್ನು ಭಾವನಿಗೆ ಬಿಟ್ಟುಕೊಡುವುದೆಂದಾಯಿತು. ಊರಿನಲ್ಲಿ ಅಕ್ಕ ಪಾಸ್‌ಪೋರ್ಟ್ ಮಾಡಿಸಿಕೊಂಡಳು. ಬರುವವಳು ನನ್ನ ಅಕ್ಕನೇ, ಸಂತೋಷಪಡಬೇಕಿತ್ತು. ನಾನು ಲೆಕ್ಕ ಹಾಕಿದ್ದೇ ಬೇರೆ: ಕಾರು ಅವರಿಗೆ, ಪೆಟ್ಟಿಗೆ ಅವರಿಗೆ, ಮನೆ ಅವರಿಗೆ, ನನಗೆ ರೂಮಿನ ಎರಡಂತಸ್ತಿನ ಮಂಚದ ಮೇಲಿನ ಹಾಸಿಗೆ.

ಒಂದು ಬೆಳಿಗ್ಗೆ ಅಸ್ಕರ್ ರಸ್ತೆಯ ತಿರುವಿನಲ್ಲಿ, ಮರಳು ದಿಬ್ಬದ ಮರೆಯಲ್ಲಿ ಪೊಲೀಸ್ ಜೀಪು ನಿಂತಿತ್ತು. ಚೆನ್ನಾಗಿ ನೋಡಿದೆ. ಸ್ವಲ್ಪ ಮುಂದೆ ಹೋದಾಗ ಎದುರಿನಿಂದ ಭಾವನ ಕಾರು ಬಂತು. ಅಭ್ಯಾಸಬಲದಿಂದ ಕೈ ಲೈಟಿನ ಸ್ವಿಚ್ಚಿಗೆ ಹೋಯಿತು. ಒಂದು ಸಲ ಹಾಕಿದೆ. ಎರಡನೆಯದಕ್ಕೆ ಕೈಯನ್ನು ತಡೆದೆ. ಅಷ್ಟು ಒಳ್ಳೆಯ ಪೆಟ್ಟಿಗೆ, ಅದೇ ಹೇಳಲಿ ಎಂದುಕೊಂಡೆ. ಭಾವ ಕೈ ಬೀಸಿ ಹೋದರು.

ಸಂಜೆ ಅವರು ಬಸ್ಸಿನಲ್ಲಿ ಬಂದರು. ಮಿತಿ ಮೀರಿದ ವೇಗ. ಲೈಸೆನ್ಸನ್ನು ಪೊಲೀಸರು ಹಿಡಿದಿಟ್ಟುಕೊಂಡಿದ್ದರು.

"ಪೆಟ್ಟಿಗೆ ಕೂಗಲಿಲ್ವಾ?" ಎಂದು ರೂಮಿನವನೊಬ್ಬ ಕೇಳಿದ.

"ಕೂಗಿತು ಮಾರಾಯ, ಐದೂ ದೀಪ ಹತ್ತಿತು. ಆದರೆ ಇವ ಒಂದೇ ಸಲ ಲೈಟ್ ಹಾಕಿದ್ದ. ಇದಕ್ಕೇ ತಲೆ ಕೆಟ್ಟಿರಬೇಕು ಅಂತ ನಾನು ಅದರ ವಯರ್ ಕಿತ್ತೆ." ನನ್ನ ಕಡೆ ತಿರುಗಿದರು. "ನೀನು ಹೋದ ಮೇಲೆ ಬಂದು ನಿಂತರಾ ಹೇಗೆ?"

"ಹಾಗೇ ಇರಬೇಕು ಭಾವ. ನಾನು ನೋಡುವಾಗ ಇರಲಿಲ್ಲ."

ಅವರು ನಂಬಿದರು. ಮತ್ತೆಂದೂ ನನ್ನೆದುರು ಆ ವಿಷಯ ಎತ್ತಲಿಲ್ಲ. ಸಾಹೇಬರು ಬೇರೆ ಡ್ರೈವರನನ್ನು ಇಟ್ಟುಕೊಂಡರು. ಭಾವನನ್ನು ಗೋದಾಮಿಗೆ ಹಾಕಿದರು. ಎರಡು ಕೋಣೆ ಹೊಸ ಡ್ರೈವರನಿಗೆ ಹೋಯಿತು, ವೀಸಾದ ಕಾಗದ ಅಲ್ಲೇ ನಿಂತಿತು. ಆ ಕಪ್ಪು ಪೆಟ್ಟಿಗೆಯನ್ನು ಭಾವ ನನಗೇ ಕೊಟ್ಟರು. "ನಿನ್ನ ನಾಯಿಯನ್ನು ಬಿಟ್ಟುಬಿಡು, ಇದನ್ನು ಇಟ್ಟುಕೋ," ಎಂದರು. ಬಯಸಿದ ವಸ್ತು ಕೈಗೆ ಬಂತು. ಒಂದು ದಿನವೂ ನಾನದನ್ನು ಗಾಡಿಗೆ ಸಿಕ್ಕಿಸಲಿಲ್ಲ.

ತಿಂಗಳ ಪೂಜೆಯ ಊಟ ಮುಗಿದು ಜನ ಹೋದ ಮೇಲೆ ಅಕ್ಕ ಕಪಾಟಿನಿಂದ ತನ್ನ ಪಾಸ್‌ಪೋರ್ಟ್ ತೆಗೆದು ತೋರಿಸಿದಳು. ಒಂದು ಮುದ್ರೆಯೂ ಬೀಳದೆ ಅವಧಿ ಮುಗಿದದ್ದು.

"ಅವರು ರಜೆಗೆ ಬಂದಾಗಲೆಲ್ಲ ಹೇಳ್ತಿದ್ದರು, ಯಂತ್ರ ಸುಳ್ಳು ಹೇಳಿದರೂ ನಿನ್ನ ತಮ್ಮನ ಲೈಟ್ ಸುಳ್ಳು ಹೇಳುವುದಿಲ್ಲ ಅಂತ. ನಾನು ನೋಡಲೇ ಇಲ್ಲ ಆ ಅಸ್ಕರ್ ರಸ್ತೆ. ಹೇಗಿತ್ತು ಹೇಳು."

ಹೇಳಿದೆ. ಒಂದು ಬದಿ ಸಮುದ್ರ, ಇನ್ನೊಂದು ಬದಿ ಮರಳು, ದೂರದಲ್ಲಿ ಕಾರ್ಖಾನೆಯ ಹೊಗೆ ಕೊಳವೆ. ಆಮೇಲೆ ಒಂದು ತಿರುವು.

"ಮತ್ತೆ?"

"ಅಲ್ಲಿ ದಿಬ್ಬದ ಹಿಂದೆ ಪೊಲೀಸರಿದ್ದರು ಅಕ್ಕ. ನಾನು ನೋಡಿದ್ದೆ. ಆಮೇಲೆ ಭಾವನ ಕಾರು ಬಂತು."

ಅಕ್ಕ ಪಾಸ್‌ಪೋರ್ಟನ್ನು ಮಡಿಲಲ್ಲಿಟ್ಟುಕೊಂಡಳು.

"ಲೈಟ್ ಎಷ್ಟು ಸಲ ಹಾಕಿದೆ?"

"ಒಂದೇ ಸಲ," ಎಂದೆ.